65 ಕುರಿಗಳ ರಸೀದಿ: ಇಸ್ಲಾಮಿಕ್ ನಾಗರಿಕತೆಯ ಚರಿತ್ರೆಯನ್ನು ಆನ್‌ಲೈನಿನಲ್ಲಿ ಓದುವ ಬಗೆ

(ಉಪನ್ಯಾಸದ ಬರಹ ರೂಪ)

ವಿಯೆನ್ನಾದಲ್ಲಿರುವ ಆಸ್ಟ್ರಿಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಂದು ಪಪೈರಸ್ ಹಾಳೆಯಿದೆ. ವಿದ್ವಾಂಸರ ಲೆಕ್ಕದಲ್ಲಿ ಅದರ ಹೆಸರು ಪಿಇಆರ್‌ಎಫ್ 558. ಅದರಲ್ಲಿ ಏನಿದೆ ಅಂದರೆ, ಕುರಿಯ ಲೆಕ್ಕ. ಈಜಿಪ್ಟಿನ ಅಹ್ನಾಸ್ ಎಂಬ ಊರಲ್ಲಿ ಅಬ್ದುಲ್ಲಾ ಬಿನ್ ಜಾಬಿರ್ ಎಂಬ ಅರಬ್ ಅಮೀರ, ಅಂದರೆ ಸೇನಾಧಿಪತಿ, ತನ್ನ ಹಡಗಿನವರಿಗೆ, ಕುದುರೆ ಸವಾರರಿಗೆ, ಕಾಲಾಳುಗಳಿಗೆ ಮಾಂಸಕ್ಕೆಂದು 50 ಕುರಿ, ಅದರ ಮೇಲೆ ಇನ್ನೂ 15 ಕುರಿ ತೆಗೆದುಕೊಂಡ. ತೆಗೆದುಕೊಂಡದ್ದಕ್ಕೆ ರಸೀದಿ ಬರೆಸಿ ಕೊಟ್ಟ. ಮೇಲೆ ಗ್ರೀಕ್, ಕೆಳಗೆ ಅರಬ್ಬಿ. ಈ ಕುರಿಗಳನ್ನು ತೆರಿಗೆಯ ಬಾಬ್ತಿಗೆ ಜಮಾ ಹಿಡಿಯಬೇಕು ಎಂಬ ಟಿಪ್ಪಣಿ ಹಿಂಬದಿಯಲ್ಲಿ. ಅರಬ್ಬಿ ಭಾಗದ ಕೊನೆಗೆ ತಾರೀಖು ಇದೆ: ಜುಮಾದಲ್ ಊಲಾ ತಿಂಗಳು, ಇಪ್ಪತ್ತೆರಡನೆಯ ವರ್ಷ. ಯಾವ ಶಕೆಯ ಇಪ್ಪತ್ತೆರಡು ಎಂದು ಬರೆದವನು ಹೇಳುವುದಿಲ್ಲ. ಆದರೆ ಗ್ರೀಕ್ ಭಾಗದಲ್ಲಿ ಈಜಿಪ್ಟಿನ ತಿಂಗಳೂ, ಅರಬರಿಗೆ ಮುಂಚೆ ಅಲ್ಲಿ ಆಳಿದ ಬೈಜಾಂಟೈನ್ ಸಾಮ್ರಾಜ್ಯದ ತೆರಿಗೆ ವರ್ಷವೂ ಇವೆ. ಎರಡನ್ನೂ ತಾಳೆ ನೋಡಿದರೆ ಸಿಗುವ ದಿನ ಕ್ರಿ.ಶ. 643ರ ಏಪ್ರಿಲ್ 25. ಪ್ರವಾದಿ ಮುಹಮ್ಮದರು ತೀರಿಕೊಂಡು ಆಗ ಇನ್ನೂ ಹನ್ನೊಂದು ವರ್ಷವೂ ಪೂರ್ತಿ ಆಗಿರಲಿಲ್ಲ.

ಈ ಹಾಳೆಯನ್ನು ಹತ್ತು ನಿಮಿಷ ನೋಡಿದರೆ ಕೆಲವು ಸಂಗತಿ ತಾವಾಗಿಯೇ ಹೊಳೆಯುತ್ತವೆ. ಆಳುವವರು ಬದಲಾದರೂ ದಫ್ತರ ಬದಲಾಗಿಲ್ಲ. ಗ್ರೀಕ್ ಭಾಗ ಬರೆದವನು ಯೊವಾನ್ನೆಸ್ ಎಂಬ ಕ್ರೈಸ್ತ ಡೀಕನ್, ಅಂದರೆ ಚರ್ಚಿನ ಕಿರಿಯ ಪಾದ್ರಿ. ಮುಸ್ಲಿಮರ ಹಿಜರಿ ಶಕೆ ಆಗಲೇ ಕಾಗದಪತ್ರದ ಬಳಕೆಯಲ್ಲಿತ್ತು. ಅರಬ್ಬಿ ಅಕ್ಷರಗಳಿಗೆ ಚುಕ್ಕಿ ಇಡುವುದು ಎಷ್ಟೋ ಕಾಲದ ಮೇಲೆ ಶುರುವಾಯಿತು ಎಂದು ಹಲವು ಕಡೆ ಬರೆದಿರುತ್ತಾರೆ, ಈ ಹಾಳೆಯ ಕೆಲವು ಅಕ್ಷರಗಳಿಗೆ ಚುಕ್ಕಿ ಇದೆ. ಇನ್ನು ಆನ್‌ಲೈನ್ ಕೋರ್ಸಿನ ವಿಡಿಯೋ ಇದೇ ಕಾಲಘಟ್ಟವನ್ನು ಹೇಗೆ ಹೇಳುತ್ತದೆ? 639ರಿಂದ 642ರ ನಡುವೆ ಅರಬರು ಈಜಿಪ್ಟ್ ಗೆದ್ದರು ಎಂಬ ಒಂದು ವಾಕ್ಯ, ಜೊತೆಗೆ ಹಸಿರು ಬಣ್ಣ ಹರಡುತ್ತಾ ಹೋಗುವ ಒಂದು ನಕ್ಷೆ. ವಾಕ್ಯ ಸರಿಯೇ. ನಕ್ಷೆ ಮಾತ್ರ ಮೋಸ ಮಾಡುತ್ತದೆ. ಹಸಿರು ಬಳಿದ ಜಾಗವೆಲ್ಲ ಮುಸ್ಲಿಮರ ನಾಡಾಯಿತು ಅಂತ ನೋಡುವವರ ಮನಸ್ಸು ಅಂದುಕೊಳ್ಳುತ್ತದೆ. ಗೆದ್ದ ಮೇಲೂ ಎರಡು ಮೂರು ಶತಮಾನ ಈಜಿಪ್ಟ್, ಸಿರಿಯಾ, ಇರಾನುಗಳಲ್ಲಿ ಬಹುಪಾಲು ಜನ ಕ್ರೈಸ್ತರು, ಜರತುಷ್ಟ್ರ ಮತದವರು, ಯಹೂದಿಗಳಾಗಿಯೇ ಇದ್ದರು. ಇರಾಕಿನ ಲೆಕ್ಕಪತ್ರ ಪಾರಸಿ ಭಾಷೆಯಿಂದ ಅರಬ್ಬಿಗೆ ತಿರುಗಿದ್ದು 697ರ ಹೊತ್ತಿಗೆ, ಈಜಿಪ್ಟಿನಲ್ಲಿ ಆ ಹುಕುಂ ಬಂದದ್ದು 706ರ ಸುಮಾರಿಗೆ.

ಹಾಗಂತ ಕೋರ್ಸನ್ನು ಬಿಟ್ಟು ಬರೀ ರಸೀದಿ ಹಿಡಿದು ಕೂತರೂ ಆಗದು. ಅಹ್ನಾಸ್ ಎಲ್ಲಿದೆ, ಆ ಅಮೀರನ ಮೇಲೆ ಯಾರಿದ್ದರು ಅನ್ನುವುದೇ ತಿಳಿಯುವುದಿಲ್ಲ. ಕೋರ್ಸು ಬೆನ್ನೆಲುಬು. ಅದರ ಪ್ರತಿ ವಾರದ ಪಕ್ಕದಲ್ಲಿ ಒಂದು ಮೂಲವಸ್ತು ಇರಬೇಕು: ಒಂದು ಕಾಗದ, ಒಂದು ನಾಣ್ಯ, ಒಂದು ಶಾಸನ ಅಥವಾ ಒಂದು ಕಟ್ಟಡದ ನಕ್ಷೆ. ಇವೆಲ್ಲ ಈಗ ಮನೆಯಲ್ಲೇ ಕೂತು ಕಾಸು ಖರ್ಚಿಲ್ಲದೆ ನೋಡಲು ಸಿಗುತ್ತವೆ.

ಮೊದಲು ಕೋರ್ಸಿನ ಆಯ್ಕೆ. ಎಡ್‌ಎಕ್ಸ್, ಕೋರ್ಸೆರಾ, ಫ್ಯೂಚರ್‌ಲರ್ನ್ ಇವು ವಾರದ ಲೆಕ್ಕದಲ್ಲಿ ನಡೆಯುವ ಕೋರ್ಸುಗಳು. ಸಾಮಾನ್ಯವಾಗಿ ಉಚಿತ ನೋಂದಣಿಯಲ್ಲಿ ವಿಡಿಯೋಗಳು ಕೆಲವು ವಾರ ಮಾತ್ರ ತೆರೆದಿರುತ್ತವೆ, ಪ್ರಮಾಣಪತ್ರ ಬೇಕಾದರೆ ದುಡ್ಡು. ಆದ್ದರಿಂದ ಸೇರಿದ ದಿನವೇ ಮುಕ್ತಾಯದ ತಾರೀಖು ನೋಡಿ, ಎಲ್ಲ ವಾರಗಳ ಲಿಖಿತ ಪ್ರತಿಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ವಿಡಿಯೋ ಕೆಳಗೆ ತಾನಾಗಿ ಮೂಡುವ ಅಕ್ಷರಗಳನ್ನು ನಂಬಬೇಡಿ. ಅರಬ್ಬಿ ಹೆಸರುಗಳು ಅಲ್ಲಿ ಗುರುತೇ ಸಿಗದಷ್ಟು ಕೆಟ್ಟಿರುತ್ತವೆ. ಎರಡನೆಯ ಬಗೆ ಎಂಐಟಿಯ ಓಪನ್ ಕೋರ್ಸ್‌ವೇರ್, ಯೇಲ್ ವಿಶ್ವವಿದ್ಯಾಲಯದ ಮುಕ್ತ ಉಪನ್ಯಾಸಗಳಂಥವು. ಇವಕ್ಕೆ ಗಡುವಿಲ್ಲ, ಪರೀಕ್ಷೆಯಿಲ್ಲ. ಎಂಐಟಿಯಲ್ಲಿ ಇಸ್ಲಾಮಿಕ್ ವಾಸ್ತುವಿನ ಪಾಠಗಳೂ ಕೈರೋ ನಗರದ ಕಟ್ಟಡಗಳ ಮೇಲೆಯೇ ಒಂದು ಪ್ರತ್ಯೇಕ ಕೋರ್ಸೂ ಇವೆ. ಯೇಲಿನಲ್ಲಿ 284ರಿಂದ 1000ದವರೆಗಿನ ಯುರೋಪಿನ ಸರಣಿಯೊಳಗೆ ಅರಬರ ವಿಜಯ ಮತ್ತು ಬಾಗ್ದಾದಿನ ಅಬ್ಬಾಸಿ ಖಲೀಫರ ಕಾಲಕ್ಕೆಂದು ಉಪನ್ಯಾಸಗಳಿವೆ; ಬೈಜಾಂಟಿಯಂ ಮತ್ತು ಪಶ್ಚಿಮ ಯುರೋಪಿನ ಫ್ರಾಂಕರ ಪಕ್ಕದಲ್ಲಿಟ್ಟು ಹೇಳುವುದರಿಂದ ಆರಂಭಕ್ಕೆ ಒಳ್ಳೆಯದು. ನಮ್ಮ ದೇಶದ ಕಡೆ ಸರ್ಕಾರದ ‘ಸ್ವಯಂ’ ಜಾಲತಾಣ ಇದೆ; ವಿಡಿಯೋ, ಓದುವ ಪಠ್ಯ, ಸ್ವಯಂ ಪರೀಕ್ಷೆ, ಚರ್ಚೆ ಎಂಬ ನಾಲ್ಕು ಭಾಗ ಅಲ್ಲಿ ಕಡ್ಡಾಯ. ಕಾಲೇಜಿನವರಿಗೆ ಕ್ರೆಡಿಟ್ ಕೂಡ ಸಿಗಬಹುದು. ಇಗ್ನೋ ತನ್ನ ಪಠ್ಯಗಳನ್ನು ಇಜ್ಞಾನಕೋಶದಲ್ಲಿ ತೆರೆದಿಟ್ಟಿದೆ. ವಿಡಿಯೋ ನೋಡಿ ಸುಸ್ತಾಗುವವರಿಗೆ ಅಚ್ಚಿನ ಪಾಠವೇ ವಾಸಿ.

ಎನ್‌ಸಿಇಆರ್‌ಟಿಯ 11ನೇ ತರಗತಿ ವಿಶ್ವ ಇತಿಹಾಸದ ಪುಸ್ತಕದಲ್ಲಿ ಮಧ್ಯ ಇಸ್ಲಾಮಿಕ್ ನಾಡುಗಳ ಮೇಲೆ ಒಂದು ಅಧ್ಯಾಯವಿತ್ತು. 2022ರ ಪಠ್ಯಕಡಿತದಲ್ಲಿ ಅದನ್ನು ತೆಗೆದರು. ಹಳೆಯ ಪ್ರತಿ ಸಿಕ್ಕಿದರೆ ಯಾವ ಕೋರ್ಸಿಗೂ ಸೇರುವ ಮುಂಚೆ ಅದನ್ನು ಎರಡು ಸಲ ಓದಿ. ಅಷ್ಟು ಕಡಿಮೆ ಪುಟದಲ್ಲಿ ಅಷ್ಟು ಹದವಾಗಿ ಹೇಳಿದ ಪಾಠ ಸುಲಭಕ್ಕೆ ಸಿಗುವುದಿಲ್ಲ.

ಹೆಸರು ನೋಡಿ ಮೋಸಹೋಗುವುದು ಬಹಳ. ಇಸ್ಲಾಮ್ ಎಂಬ ಪದ ಶೀರ್ಷಿಕೆಯಲ್ಲಿರುವ ಕೋರ್ಸುಗಳಲ್ಲಿ ಎಷ್ಟೋ ಧರ್ಮಗ್ರಂಥದ ಪಾಠಗಳು. ಹಾರ್ವರ್ಡಿನ ಹೆಸರಾಂತ ಎಡ್‌ಎಕ್ಸ್ ಕೋರ್ಸೊಂದು ಕುರ್‌ಆನನ್ನು ಓದುವ ಬಗೆಯನ್ನು ಕಲಿಸುತ್ತದೆ. ಪಾಠ ಒಳ್ಳೆಯದೇ, ಆದರೆ ನಾಗರಿಕತೆಯ ಚರಿತ್ರೆ ಹುಡುಕಿಕೊಂಡು ಹೋದವರಿಗೆ ಬೇಕಾದ್ದು ಅದಲ್ಲ. ನಾಗರಿಕತೆ ಅಂದಾಗ ಅದರಲ್ಲಿ ಯಹೂದಿ ವೈದ್ಯರು, ಕ್ರೈಸ್ತ ಅನುವಾದಕರು, ಬ್ರಾಹ್ಮಣ ಲೆಕ್ಕಿಗರು ಎಲ್ಲರೂ ಬರುತ್ತಾರೆ. ಈ ತೊಡಕಿಗಾಗಿಯೇ ಅಮೆರಿಕದ ಚರಿತ್ರಕಾರ ಮಾರ್ಷಲ್ ಹಾಡ್ಜ್‌ಸನ್ ‘ಇಸ್ಲಾಮಿಕೇಟ್’ ಎಂಬ ಪದ ಟಂಕಿಸಿದರು: ಧರ್ಮಕ್ಕೆ ಸೇರಿದ್ದು ಇಸ್ಲಾಮಿಕ್, ಮುಸ್ಲಿಮರ ಆಳ್ವಿಕೆಯ ಸಮಾಜದಲ್ಲಿ ಎಲ್ಲರೂ ಸೇರಿ ಬೆಳೆಸಿದ ಸಂಸ್ಕೃತಿ ಇಸ್ಲಾಮಿಕೇಟ್. ಪದ ನಾಲಿಗೆಗೆ ಒರಟು, ಕೆಲಸಕ್ಕೆ ಮಾತ್ರ ಬರುತ್ತದೆ.

ಪಠ್ಯಸೂಚಿ ಕೈಗೆ ಬಂದ ಕೂಡಲೇ ಹತ್ತು ನಿಮಿಷದ ಪರೀಕ್ಷೆ ಮಾಡಿ. 1258ನ್ನು ಹುಡುಕಿ. ಆ ವರ್ಷ ಹುಲಾಗುವಿನ ಮಂಗೋಲ್ ಸೈನ್ಯ ಬಾಗ್ದಾದನ್ನು ಹಾಳುಗೆಡವಿ ಖಲೀಫನನ್ನು ಕೊಂದಿತು. ಹತ್ತು ವಾರದ ಕೋರ್ಸಿನಲ್ಲಿ ಒಂಬತ್ತು ವಾರ 1258ರವರೆಗೆ ನಡೆದು, ಆಟೊಮನ್, ಸಫವಿ, ಮೊಘಲ್ ಮೂರು ಸಾಮ್ರಾಜ್ಯಗಳನ್ನೂ ಹತ್ತನೆಯ ವಾರಕ್ಕೆ ತುರುಕಿದ್ದರೆ ಅದು ಸುವರ್ಣಯುಗ, ಆಮೇಲೆ ಅವನತಿ ಎಂಬ ಹಳೇ ಕತೆಯ ಮೇಲೆ ಕಟ್ಟಿದ ಕೋರ್ಸು. ಆ ಕತೆ ನಿಲ್ಲುವುದಿಲ್ಲ. ಬಾಗ್ದಾದ್ ಬಿದ್ದ ಮರುವರ್ಷವೇ, 1259ರಲ್ಲಿ, ಅದೇ ಹುಲಾಗುವಿನ ಆಶ್ರಯದಲ್ಲಿ ನಸೀರುದ್ದೀನ್ ತೂಸಿ ಇರಾನಿನ ಮರಾಘಾದಲ್ಲಿ ವೀಕ್ಷಣಾಲಯ ಕಟ್ಟಲು ಶುರುಮಾಡಿದ. ಡಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ನಮಾಜಿನ ಹೊತ್ತು ಲೆಕ್ಕ ಹಾಕುವ ಕೆಲಸದಲ್ಲಿದ್ದ ಇಬ್ನುಶ್ಶಾತಿರ್ 1375ರಲ್ಲಿ ತೀರಿಕೊಂಡ. ಅವನು ಕಟ್ಟಿದ ಚಂದ್ರಗತಿಯ ಮಾದರಿಯೂ ಮುಂದೆ ಕೊಪರ್ನಿಕಸ್ ಬಳಸಿದ್ದೂ ಗಣಿತದಲ್ಲಿ ಒಂದೇ. ಸಮರ್ಕಂದದ ಅಲ್-ಕಾಶಿ 1424ರಲ್ಲಿ ಪೈ ಬೆಲೆಯನ್ನು 16 ದಶಮಾಂಶ ಸ್ಥಾನದವರೆಗೆ ಲೆಕ್ಕ ಹಾಕಿದ. ಅಲ್ಲಿನದೇ ದೊರೆ ಉಲುಗ್ ಬೇಗನ ಪಟ್ಟಿಯಲ್ಲಿ ಸಾವಿರಕ್ಕೂ ಮಿಕ್ಕಿ ನಕ್ಷತ್ರಗಳ ಸ್ಥಾನಗಳಿವೆ. ಈ ನಾಲ್ಕರಲ್ಲಿ ಒಂದಾದರೂ ಪಠ್ಯಸೂಚಿಯಲ್ಲಿದೆಯೇ ನೋಡಿ. ಇಲ್ಲವಾದರೆ ಆ ಕೋರ್ಸನ್ನು 1258ರವರೆಗೆ ಮಾತ್ರ ನಂಬಿ, ಮುಂದಿನದಕ್ಕೆ ಬೇರೆಯದು ಹಿಡಿಯಿರಿ. ನಕ್ಷೆಯ ಅಂಚನ್ನೂ ನೋಡಿ. ಪೂರ್ವಕ್ಕೆ ಸಿಂಧು ನದಿಯ ಹತ್ತಿರ ಮುಗಿದು ಹೋದರೆ ಬೀದರಕ್ಕೆ, ಕ್ಯಾಲಿಕಟ್ಟಿಗೆ, ಸುಮಾತ್ರಾಕ್ಕೆ ಅಲ್ಲಿ ಜಾಗವಿಲ್ಲ. ದಕ್ಷಿಣಕ್ಕೆ ಸಹಾರಾ ಬರದಿದ್ದರೆ 1324ರಲ್ಲಿ ಹಜ್‌ಗೆ ಹೊರಟ ಮಾಲಿಯ ಮನ್ಸಾ ಮೂಸಾನೂ ಇಲ್ಲ.

ಕೋರ್ಸು ನಡೆಯುವಾಗ ಎದುರಾಗುವ ಮುಖ್ಯ ಅಪಾಯ ಸೊಗಸಾದ ಕತೆಗಳದ್ದು. ಎರಡೂ ಕಡೆಯವರು ಹೇಳುತ್ತಾರೆ. ಒಂದು ಕಡೆ ಕೊರ್ಡೋವಾದ ಇಬ್ನ್ ಫಿರ್ನಾಸ್ ರೆಕ್ಕೆ ಕಟ್ಟಿಕೊಂಡು ಹಾರಿದ, ಮೊದಲ ವಿಮಾನ ನಮ್ಮದೇ ಎಂಬ ಹೆಮ್ಮೆ. ಇನ್ನೊಂದು ಕಡೆ ಖಲೀಫ ಉಮರ್ ಅಲೆಕ್ಸಾಂಡ್ರಿಯಾದ ಗ್ರಂಥಾಲಯವನ್ನು ಸುಡಿಸಿದ ಎಂಬ ದೂರು. ಎರಡಕ್ಕೂ ಒಂದೇ ಒರೆಗಲ್ಲು: ಘಟನೆಗೂ ಅದನ್ನು ಮೊದಲು ಬರೆದವನಿಗೂ ನಡುವೆ ಎಷ್ಟು ವರ್ಷ? ಇಬ್ನ್ ಫಿರ್ನಾಸ್ ಸತ್ತದ್ದು 887ರಲ್ಲಿ. ಹಾರಾಟದ ಕತೆ ನಮಗೆ ಸಿಗುವುದು 1632ರಲ್ಲಿ ತೀರಿಕೊಂಡ ಅಲ್-ಮಕ್ಕರಿಯ ಪುಸ್ತಕದಲ್ಲಿ, ಒಂಬತ್ತನೇ ಶತಮಾನದ ಒಂದು ಪದ್ಯದ ಸಾಲನ್ನು ಉಲ್ಲೇಖಿಸಿಕೊಂಡು. ಅಲೆಕ್ಸಾಂಡ್ರಿಯಾದ ಕತೆ ಕಾಣಿಸಿಕೊಳ್ಳುವುದು ಹದಿಮೂರನೇ ಶತಮಾನದ ಹೊತ್ತಿಗೆ, ಘಟನೆಯಾಗಿ ಆರುನೂರು ವರ್ಷ ಸಂದ ಮೇಲೆ. 751ರ ತಲಾಸ್ ಕದನದಲ್ಲಿ ಸೆರೆಸಿಕ್ಕ ಚೀನೀಯರಿಂದ ಅರಬರು ಕಾಗದ ಮಾಡುವುದನ್ನು ಕಲಿತರು ಎಂಬುದಂತೂ ಒಳ್ಳೊಳ್ಳೆಯ ಕೋರ್ಸುಗಳಲ್ಲೂ ಇರುತ್ತದೆ. ಅದನ್ನು ಹೇಳುವವನು 1038ರಲ್ಲಿ ತೀರಿಕೊಂಡ ಸಆಲಿಬಿ. ಮಧ್ಯ ಏಷ್ಯಾದಲ್ಲಿ ಕಾಗದ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು. ನೋಟ್‌ಬುಕ್ಕಿನಲ್ಲಿ ಇದಕ್ಕೆಂದೇ ಒಂದು ಅಂಕಣ ಇಡಿ: ‘ನಡುವೆ ಎಷ್ಟು ವರ್ಷ’. ನೂರು ದಾಟಿದರೆ ಕೆಂಪು ಶಾಯಿ. ಪ್ರವಾದಿಯ ಜೀವನಚರಿತ್ರೆಗೂ ಇದೇ ಲೆಕ್ಕ: ಇಬ್ನ್ ಇಸ್‌ಹಾಕ್ ಸತ್ತದ್ದು 767ರ ಸುಮಾರಿಗೆ, ಅವನ ಬರಹ ನಮಗೆ ಹೆಚ್ಚಾಗಿ ಸಿಗುವುದು ಇನ್ನೂ ಎರಡು ತಲೆಮಾರು ಈಚಿನ ಇಬ್ನ್ ಹಿಶಾಮನ ಮೂಲಕ. ಕೆಂಪು ಶಾಯಿ ಅಂದರೆ ಸುಳ್ಳು ಎಂದರ್ಥವಲ್ಲ, ಅಲ್ಲಿ ನಿಂತು ನೋಡಬೇಕು ಅಂತ.

ಬಾಗ್ದಾದಿನ ಬೈತುಲ್ ಹಿಕ್ಮಾ, ಅಂದರೆ ‘ಜ್ಞಾನದ ಮನೆ’, ಈ ಪಟ್ಟಿಗೆ ಸೇರಬೇಕಾದ ಇನ್ನೊಂದು. ವಿಡಿಯೋಗಳಲ್ಲಿ ಅದು ಒಂದು ದೊಡ್ಡ ವಿಶ್ವವಿದ್ಯಾಲಯ, ಸಾಲುಸಾಲು ಅನುವಾದಕರು ಕೂತು ಬರೆಯುತ್ತಿರುತ್ತಾರೆ. ಆ ಕಾಲದ ಅತಿ ದೊಡ್ಡ ಅನುವಾದಕ ಹುನೈನ್ ಬಿನ್ ಇಸ್‌ಹಾಕ್, ನೆಸ್ಟೋರಿಯನ್ ಕ್ರೈಸ್ತ, ತೀರಿಕೊಂಡದ್ದು 873ರಲ್ಲಿ. ಗ್ರೀಕ್ ವೈದ್ಯ ಗೇಲನ್ನನ ಗ್ರಂಥಗಳ ಅನುವಾದದ ಬಗ್ಗೆ ಅವನೇ ಬರೆದ ಒಂದು ದೀರ್ಘ ಪತ್ರ ಉಳಿದಿದೆ. 129 ಕೃತಿಗಳನ್ನು ಒಂದೊಂದಾಗಿ ಹೆಸರಿಸಿ ಯಾರು ಸಿರಿಯಾಕ್ ಭಾಷೆಗೆ ತಂದರು, ಯಾರು ಅರಬ್ಬಿಗೆ ತಂದರು, ಯಾವ ಶ್ರೀಮಂತ ಹಣ ಕೊಟ್ಟ, ಹಳೆಯ ಅನುವಾದ ಎಲ್ಲಿ ಕೆಟ್ಟಿತ್ತು ಎಂದೆಲ್ಲ ಹೇಳುತ್ತಾನೆ. ಒಂದು ಗ್ರೀಕ್ ಪ್ರತಿ ಸಾಲದೆ ಹಲವು ಪ್ರತಿ ಕೂಡಿಹಾಕಿ, ಹೋಲಿಸಿ, ಒಂದು ಶುದ್ಧ ಪಾಠ ಮಾಡಿಕೊಂಡು ಆಮೇಲೆ ಅನುವಾದಿಸುತ್ತಿದ್ದುದಾಗಿ ವಿವರಿಸುತ್ತಾನೆ. ಆ ಇಡೀ ಪತ್ರದಲ್ಲಿ ಬೈತುಲ್ ಹಿಕ್ಮಾದ ಹೆಸರಿಲ್ಲ. ಈಗಿನ ವಿದ್ವಾಂಸರಲ್ಲಿ ಹಲವರು ಅದನ್ನು ಅರಮನೆಯ ಗ್ರಂಥಭಂಡಾರ ಎಂದಷ್ಟೇ ಒಪ್ಪುತ್ತಾರೆ. ಅನುವಾದ ನಡೆದದ್ದು ನಿಜ, ಅಗಾಧವಾಗಿಯೇ ನಡೆಯಿತು. ಅದು ನಡೆದದ್ದು ಹಣ ಕೊಡುವ ಮನೆತನಗಳ ಮತ್ತು ಕೆಲಸ ಬಲ್ಲ ಕುಟುಂಬಗಳ ನಡುವೆ.

ಈಗ ತಾಂತ್ರಿಕ ಭಾಗ. ಹೆಚ್ಚಿನವರು ಎಡವುವುದು ಇಲ್ಲೇ.

ಹಿಜರಿ ವರ್ಷ ಚಾಂದ್ರಮಾನದ್ದು, 354 ಅಥವಾ 355 ದಿನ. ನಮ್ಮ ಪಂಚಾಂಗದ ಹಾಗೆ ಅಧಿಕ ಮಾಸ ಸೇರಿಸಿ ಸರಿದೂಗಿಸುವ ಪದ್ಧತಿ ಅದರಲ್ಲಿಲ್ಲ, ಹಾಗಾಗಿ 33 ಹಿಜರಿ ವರ್ಷಕ್ಕೆ ನಮ್ಮ 32 ವರ್ಷ. 622 ಕೂಡಿಸಿದರೆ ಸಾಕು ಅಂದುಕೊಳ್ಳುವುದು ಸಾಮಾನ್ಯ ತಪ್ಪು. ಹಿಜರಿ ಸಂಖ್ಯೆಯನ್ನು 0.97ರಿಂದ ಗುಣಿಸಿ ಆಮೇಲೆ 622 ಕೂಡಿಸಿ. 656ಕ್ಕೆ ಮಾಡಿ ನೋಡಿ: 636.3, ಕೂಡಿಸಿದರೆ 1258.3. ಬಾಗ್ದಾದ್ ಬಿದ್ದ ವರ್ಷ. ತಿಂಗಳು ಗೊತ್ತಿಲ್ಲದಿದ್ದರೆ ಎರಡು ವರ್ಷ ಸೇರಿಸಿ ಬರೆಯಬೇಕು, 1367/68 ಎಂಬಂತೆ. ಒಂದು ಹಿಜರಿ ವರ್ಷ ಬಹುಮಟ್ಟಿಗೆ ನಮ್ಮ ಎರಡು ವರ್ಷಗಳ ಮೇಲೆ ಬೀಳುತ್ತದೆ. ದಿನದ ಮಟ್ಟಕ್ಕೆ ಇಳಿದರೆ ಆನ್‌ಲೈನ್ ಪರಿವರ್ತಕಗಳೂ ಒಂದು ದಿನ ಹಿಂದೆ ಮುಂದೆ ಆಗುತ್ತವೆ, ಚಂದ್ರ ಕಂಡ ಮೇಲೆ ತಿಂಗಳು ಶುರು, ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ಆದಿಲ್‌ಶಾಹಿ ಕಾಗದಪತ್ರ ಓದುವವರಿಗೆ ಇನ್ನೊಂದು ಬಲೆಯಿದೆ: ಶುಹೂರ್ ಸನ್. ಅದು ಸೌರಮಾನದ್ದು, ಮೃಗಶಿರಾ ಮಳೆಯ ಹೊತ್ತಿಗೆ ವರ್ಷಾರಂಭ, 599 ಅಥವಾ 600 ಕೂಡಿಸಿದರೆ ಕ್ರಿ.ಶ. ಸಿಗುತ್ತದೆ. ಅದನ್ನು ಹಿಜರಿ ಎಂದು ಓದಿಬಿಟ್ಟರೆ ಪತ್ರದ ಕಾಲವೇ ತಪ್ಪುತ್ತದೆ.

ಹೆಸರುಗಳು ಇನ್ನೊಂದು ಗೋಜಲು. ಅಬೂ ರೈಹಾನ್ ಮುಹಮ್ಮದ್ ಬಿನ್ ಅಹ್ಮದ್ ಅಲ್-ಬೀರೂನಿ ಅಂದಾಗ ಅಬೂ ರೈಹಾನ್ ಗೌರವದ ಹೆಸರು, ಮುಹಮ್ಮದ್ ಇಟ್ಟ ಹೆಸರು, ಬಿನ್ ಅಹ್ಮದ್ ಅಂದರೆ ಅಹ್ಮದನ ಮಗ, ಕೊನೆಯದು ಊರಿನ ಗುರುತು, ಅದಕ್ಕೆ ನಿಸ್ಬಾ ಎನ್ನುತ್ತಾರೆ. ನಮ್ಮಲ್ಲಿ ಧಾರವಾಡಕರ, ಹುಬ್ಳೀಕರ ಇದ್ದಂತೆಯೇ. ಬರೀ ಬಾಗ್ದಾದಿ ಎಂದು ಹುಡುಕಿದರೆ ರಾಶಿ ಜನ ಬಂದು ಬೀಳುತ್ತಾರೆ. ಇಟ್ಟ ಹೆಸರು, ತಂದೆಯ ಹೆಸರು, ತೀರಿಕೊಂಡ ವರ್ಷ ಮೂರನ್ನೂ ಕೂಡಿಸಿ ಗುರುತು ಹಚ್ಚಿ. ಇಂಗ್ಲಿಷಿನಲ್ಲಿ ಒಂದೇ ಹೆಸರಿಗೆ ಐದಾರು ಕಾಗುಣಿತ ಇರುವುದರಿಂದ ವಿಕಿಪೀಡಿಯ ಲೇಖನದ ಮೊದಲ ಸಾಲಿನಲ್ಲಿರುವ ಅರಬ್ಬಿ ರೂಪವನ್ನೇ ನಕಲು ಮಾಡಿ ಗ್ರಂಥಾಲಯದ ಹುಡುಕುಪೆಟ್ಟಿಗೆಗೆ ಹಾಕುವುದು ಲೇಸು. ಅರಬ್ಬಿಯ 28 ಅಕ್ಷರ ಮೂರು ವಾರದ ಕೆಲಸ, ಪಾರಸಿಗೆ ಇನ್ನು ನಾಲ್ಕು. ಭಾಷೆ ಪೂರ್ತಿ ಬರದಿದ್ದರೂ ಕೂಡಿಸಿ ಓದಲು ಬಂದರೆ ನಾಣ್ಯ, ಶಾಸನ, ಪುಸ್ತಕದ ಶೀರ್ಷಿಕೆ ಕೈಗೆ ಸಿಗುತ್ತವೆ. ಕನ್ನಡಿಗರಿಗೆ ಪದಸಂಪತ್ತು ಅರ್ಧ ದಾರಿ ಬಂದೇ ಇದೆ: ದಫ್ತರ, ಖಜಾನೆ, ವಕೀಲ, ಕಾಗದ, ದಸ್ತಾವೇಜು, ಹಾಲಿ, ಮಾಜಿ. ನಮ್ಮ ತಾರೀಖು ಅರಬ್ಬಿಯಲ್ಲಿ ದಿನಾಂಕವೂ ಹೌದು, ಇತಿಹಾಸವೂ ಹೌದು. ಚರಿತ್ರಕಾರ ಇಬ್ನ್ ಖಲ್ದೂನ್ 1377ರಲ್ಲಿ ಬರೆದ ‘ಮುಕದ್ದಿಮಾ’ ಎಂದರೆ ಪೀಠಿಕೆ; ಅದೇ ಪದ ನಮ್ಮ ಕೋರ್ಟಿಗೆ ಬಂದು ಮೊಕದ್ದಮೆಯಾಗಿದೆ.

ಒಂದು ನಾಣ್ಯವನ್ನು ಹೇಗೆ ಓದುವುದು ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಖಲೀಫ ಅಬ್ದುಲ್ ಮಲಿಕ್ ಹಿಜರಿ 77ರಲ್ಲಿ, ಅಂದರೆ 696/97ರಲ್ಲಿ, ಚಿನ್ನದ ದೀನಾರನ್ನು ಹೊಸದಾಗಿ ಅಚ್ಚು ಹಾಕಿಸಿದ, ತೂಕ 4.25 ಗ್ರಾಂ, ಚಿತ್ರ ಇಲ್ಲ, ಬರೀ ಬರಹ. ಎರಡು ವರ್ಷ ಬಿಟ್ಟು ಬೆಳ್ಳಿಯ ದಿರ್ಹಮಿನ ಸರದಿ, 2.9 ಗ್ರಾಂ ಆಸುಪಾಸು. ಅದಕ್ಕೆ ಮುಂಚಿನ ದಿರ್ಹಮುಗಳ ಮೇಲೆ ಅರಬರಿಗೆ ಮುಂಚೆ ಇರಾನ್ ಆಳಿದ ಸಸಾನಿ ವಂಶದ ದೊರೆಯ ಮುಖವೇ ಇತ್ತು, ಅಂಚಿನಲ್ಲಿ ಮಾತ್ರ ಬಿಸ್ಮಿಲ್ಲಾ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ 2017ರಿಂದ ತನ್ನ ಸಾವಿರಾರು ಚಿತ್ರಗಳನ್ನು ಯಾರು ಬೇಕಾದರೂ ಬಳಸಬಹುದು ಎಂದು ತೆರೆದಿಟ್ಟಿದೆ. ಅಲ್ಲಾಗಲಿ ಬೇರೆ ಮ್ಯೂಸಿಯಮ್ಮುಗಳಲ್ಲಾಗಲಿ ವಾಸಿತ್‌ನಲ್ಲಿ ಅಚ್ಚಾದ ಒಂದು ದಿರ್ಹಮ್ ಹುಡುಕಿ ದೊಡ್ಡದು ಮಾಡಿ. ನಡುವೆ ಮೂರು ಸಾಲು ಇರುವ ಬದಿ ತಿರುಗಿಸಿಕೊಳ್ಳಿ: ಅಲ್ಲಾಹನ ಹೊರತು ದೇವರಿಲ್ಲ, ಅವನು ಒಬ್ಬನೇ, ಅವನಿಗೆ ಪಾಲುದಾರನಿಲ್ಲ. ಅದರ ಸುತ್ತ ವೃತ್ತಾಕಾರದ ಸಾಲು ಬಿಸ್ಮಿಲ್ಲಾದಿಂದ ಶುರು. ಮುಂದೆ ‘ಈ ದಿರ್ಹಮ್ ಅಚ್ಚಾಯಿತು’ ಎಂಬ ಮಾತು, ಮೊದಲಿಗೆ ‘ಬಿ’ (‘ಅಲ್ಲಿ’) ಹಚ್ಚಿದ ಊರಿನ ಹೆಸರು, ‘ಫೀ ಸನತಿ’ (‘ಇಂಥ ವರ್ಷದಲ್ಲಿ’) ಆದ ಮೇಲೆ ವರ್ಷ. ವರ್ಷ ಅಂಕಿಯಲ್ಲಿಲ್ಲ, ಪದದಲ್ಲಿದೆ, ಅದೂ ಬಿಡಿ ಮೊದಲು ಹತ್ತು ಆಮೇಲೆ: ‘ಏಳು ಮತ್ತು ಎಪ್ಪತ್ತು’.

ತಪ್ಪಾಗುವುದು ಇಲ್ಲಿ. ನಾಣ್ಯದ ಮೇಲಿನ ಕೂಫಿ ಎಂಬ ಹಳೇ ಅರಬ್ಬಿ ಲಿಪಿಯ ಅಕ್ಷರಗಳಿಗೆ ಸಾಮಾನ್ಯವಾಗಿ ಚುಕ್ಕಿ ಇರುವುದಿಲ್ಲ. ಚುಕ್ಕಿ ಇಲ್ಲದೆ ‘ಸಬ್‌ಅ’ ಎಂದರೆ ಏಳು, ‘ತಿಸ್‌ಅ’ ಎಂದರೆ ಒಂಬತ್ತು, ಎರಡೂ ಹೆಚ್ಚುಕಡಿಮೆ ಹಲ್ಲಿನಂಥ ಗೀಟುಗಳ ಒಂದೇ ಸಾಲು. ಎಪ್ಪತ್ತು, ತೊಂಬತ್ತೂ ಹಾಗೆಯೇ. ನೀವು ವಾಸಿತ್ ದಿರ್ಹಮ್ ಮೇಲೆ 77 ಎಂದು ಓದಿದ್ದೀರಿ ಅಂತಿಟ್ಟುಕೊಳ್ಳಿ. ಅದು ಆಗುವ ಮಾತಲ್ಲ. ವಾಸಿತ್ ಊರನ್ನು ಇರಾಕಿನ ಸುಬೇದಾರ ಹಜ್ಜಾಜ್ ಕಟ್ಟಿಸಿದ್ದೇ ಹಿಜರಿ 83–84ರ ಸುಮಾರಿಗೆ, ಅಲ್ಲಿನ ದಿರ್ಹಮುಗಳು 84ರಿಂದ ಸಿಗುತ್ತವೆ. ಊರು ಹುಟ್ಟುವ ಮುಂಚೆ ಟಂಕಸಾಲೆ ಇರಲಾರದು, ಆದ್ದರಿಂದ ಅದು 97 ಅಥವಾ 99 ಇರಬೇಕು. ಚರಿತ್ರೆ ಓದಿದ್ದು ಲಿಪಿಯ ತಪ್ಪನ್ನು ತಿದ್ದಿತು. ಇಂಥ ಅಭ್ಯಾಸ ಬಹುಆಯ್ಕೆಯ ರಸಪ್ರಶ್ನೆಗಳಲ್ಲಿ ಸಿಗುವುದಿಲ್ಲ. ಅವು ಹೆಚ್ಚಾಗಿ ಕೇಳುವುದು ಇಸವಿಯನ್ನು.

ಓದುವ ಸಾಮಗ್ರಿಯ ಬಗ್ಗೆ ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಹಕ್ಕುಸ್ವಾಮ್ಯ ಮುಗಿದು ಪುಕ್ಕಟೆ ಸಿಗುವುದು ಹೆಚ್ಚಾಗಿ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಅನುವಾದಗಳು. ವಿಜಾಪುರದಲ್ಲಿ ಕೂತು ಬರೆದ ಫಿರಿಶ್ತಾನ ಪಾರಸಿ ಚರಿತ್ರೆ ನಮ್ಮವರಿಗೆಲ್ಲ ಗೊತ್ತಿರುವುದು ಜಾನ್ ಬ್ರಿಗ್ಸ್‌ನ 1829ರ ಅನುವಾದದ ಮೂಲಕ. ಸೂಫಿ ಸಂತರನ್ನು ಕುರಿತ ಭಾಗ ಅದರಲ್ಲಿ ಬಂದಿಲ್ಲ. ಯುದ್ಧ, ಪಟ್ಟಾಭಿಷೇಕ, ಕೊಲೆಗಳಷ್ಟೇ ಉಳಿದ ಪುಸ್ತಕ ಓದಿ ದಖ್ಖನ್ ಇಷ್ಟೇ ಅಂದುಕೊಂಡರೆ ಅದು ಓದುಗನ ತಪ್ಪಲ್ಲ. 1867ರಿಂದ 1877ರವರೆಗೆ ಎಂಟು ಸಂಪುಟಗಳಲ್ಲಿ ಬಂದ ಎಲಿಯಟ್ ಮತ್ತು ಡೌಸನ್‌ರ ಸಂಕಲನ ಇನ್ನೂ ಒಂದು ಹೆಜ್ಜೆ ಮುಂದೆ: ಬ್ರಿಟಿಷ್ ಆಡಳಿತದ ಲಾಭ ಪ್ರಜೆಗಳಿಗೆ ಮನದಟ್ಟಾಗಲಿ ಎಂಬ ಆಸೆಯನ್ನು ಎಲಿಯಟ್ ತನ್ನ ಮುನ್ನುಡಿಯಲ್ಲೇ ಬಿಚ್ಚಿ ಹೇಳಿದ್ದಾನೆ. ಆಯ್ದು ಕತ್ತರಿಸಿದ್ದು ಅದಕ್ಕೆ ತಕ್ಕಂತೆಯೇ. ಬಳಸಬೇಡಿ ಅನ್ನುವುದಿಲ್ಲ, ಹಿಂದೆ ಮುಂದೆ ಏನು ಬಿಟ್ಟಿದೆ ಎಂದು ಕೇಳಿಕೊಂಡು ಬಳಸಿ. ಪರಾಮರ್ಶೆಗೆ ಎನ್‌ಸೈಕ್ಲೋಪೀಡಿಯಾ ಇರಾನಿಕಾ ಆನ್‌ಲೈನಿನಲ್ಲಿ ಉಚಿತವಾಗಿದೆ, ಲೇಖನಗಳು ಗಟ್ಟಿ. ಟರ್ಕಿಯ 44 ಸಂಪುಟಗಳ ಇಸ್ಲಾಮ್ ವಿಶ್ವಕೋಶವೂ ಹಾಗೆಯೇ, ಟರ್ಕಿಷಿನಲ್ಲಿದೆ. ಯಂತ್ರಾನುವಾದದಲ್ಲಿ ಸಾಮಾನ್ಯ ವಿಷಯ ತಿಳಿಯುತ್ತದೆ, ಹೆಸರು ಮತ್ತು ಇಸವಿಯನ್ನು ಮೂಲದಲ್ಲೇ ನೋಡಿ. ಕಟ್ಟಡಗಳ ನಕ್ಷೆ, ಚಿತ್ರಗಳಿಗೆ ಆರ್ಕ್‌ನೆಟ್. ಬ್ರಿಟಿಷ್ ಲೈಬ್ರರಿಯ ಅರಬ್ಬಿ ವಿಜ್ಞಾನ ಹಸ್ತಪ್ರತಿಗಳಿಗೆ ಖತಾರ್ ಡಿಜಿಟಲ್ ಲೈಬ್ರರಿ.

ಕನ್ನಡ ನಾಡಿನಲ್ಲಿ ಕೂತು ಓದುವವರಿಗೆ ಒಂದು ಅನುಕೂಲವಿದೆ, ಹೆಚ್ಚಿನ ಕೋರ್ಸುಗಳು ಅದನ್ನು ಹೇಳುವುದಿಲ್ಲ. ಹಿಂದೂ ಮಹಾಸಾಗರದ ವ್ಯಾಪಾರದ ವಾರ ಬಂದಾಗ ಕೈರೋದ ಗೆನಿಜಾ ಪತ್ರಗಳನ್ನು ತೆರೆಯಿರಿ. ದೇವರ ಹೆಸರಿರಬಹುದಾದ ಕಾಗದವನ್ನು ನಾಶ ಮಾಡಬಾರದೆಂದು ಹಳೇ ಕೈರೋದ, ಅಂದರೆ ಫುಸ್ತಾತಿನ, ಬೆನ್ ಎಜ್ರಾ ಸಿನಗಾಗಿನ (ಯಹೂದಿಗಳ ಪ್ರಾರ್ಥನಾ ಮಂದಿರದ) ಕೋಣೆಯಲ್ಲಿ ಶತಮಾನಗಟ್ಟಲೆ ತುಂಬಿದ ತುಣುಕುಗಳು ಅವು. ದೊಡ್ಡ ಪಾಲು 1896–97ರಲ್ಲಿ ಕೇಂಬ್ರಿಜ್ ಸೇರಿತು. ಅಲ್ಲೇ ಸುಮಾರು 1,93,000 ತುಣುಕುಗಳಿವೆ. ಕೇಂಬ್ರಿಜ್‌ನ ಡಿಜಿಟಲ್ ಗ್ರಂಥಾಲಯದಲ್ಲಿ ಚಿತ್ರಗಳೂ ಪ್ರಿನ್ಸ್‌ಟನ್ನಿನ ಗೆನಿಜಾ ಯೋಜನೆಯಲ್ಲಿ ಹಲವು ತುಣುಕುಗಳ ಪಾಠಗಳೂ ಸಿಗುತ್ತವೆ. ಅರಬ್ಬಿ ಭಾಷೆ, ಹೀಬ್ರೂ ಲಿಪಿ. ಅಲ್ಲಿ ‘ಬೆನ್ ಯೀಜು’ ಎಂದು ಹುಡುಕಿ. ಟುನೀಶಿಯಾದ ಮಹ್ದಿಯಾ ಊರಿನ ಯಹೂದಿ ವರ್ತಕ ಅಬ್ರಹಾಂ ಬೆನ್ ಯೀಜು 1132ರ ಹೊತ್ತಿಗೆ ಮಂಗಳೂರಿಗೆ ಬಂದು 1149ರವರೆಗೆ ಈ ಕರಾವಳಿಯಲ್ಲಿದ್ದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಬೊಮ್ಮ ಎಂಬ ತುಳುನಾಡಿನ ಆಳು ಅವನ ಪರವಾಗಿ ಏಡನ್‌ಗೆ ಹೋಗಿಬಂದ. ಮಂಗಳೂರಲ್ಲಿ ಅವನ ಕಂಚಿನ ಕಾರ್ಖಾನೆಯಿತ್ತು, ಏಡನ್ನಿನವರು ಹಳೇ ಒಡಕು ಪಾತ್ರೆ ಕಳಿಸಿ ಹೊಸದಾಗಿ ಎರಕ ಹೊಯ್ಯಲು ಹೇಳುತ್ತಿದ್ದರು. ಇಲ್ಲಿಂದ ಕಾಳುಮೆಣಸು, ಕಬ್ಬಿಣ. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಮತ್ತೆ ಈಜಿಪ್ಟಿನ ಕಾಗದ. ಮಂಗಳೂರಲ್ಲಿ ಆಗ ಕಾಗದ ಅಪರೂಪ. ಬೆನ್ ಯೀಜು ತನಗೆ ಬಂದ ಪತ್ರಗಳ ಖಾಲಿ ಜಾಗದಲ್ಲೇ ಲೆಕ್ಕ ಬರೆದುಕೊಂಡಿದ್ದಾನೆ. ಖಲೀಫರ ವಂಶಾವಳಿಯ ಪಟ್ಟಿಯಿಂದ ಈ ಲೋಕ ಕಾಣುವುದಿಲ್ಲ.

ಇಬ್ನ್ ಬತೂತಾ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡೆ ಎನ್ನುತ್ತಾನೆ. ಹದಿನಾಲ್ಕನೇ ಶತಮಾನದ ನಲವತ್ತರ ದಶಕದ ಮಾತು ಅದು. ಪುಸ್ತಕ ಬರೆಸಿ ಮುಗಿಸಿದ್ದು 1355ರಲ್ಲಿ, ಮೊರಾಕೋದಲ್ಲಿ. ನಮ್ಮ ‘ನಡುವೆ ಎಷ್ಟು ವರ್ಷ’ ಅಂಕಣಕ್ಕೆ ಇದು ಒಳ್ಳೆಯ ಅಂಕೆ, ಹತ್ತು ಹದಿನೈದರೊಳಗೆ. ಆದರೂ ನೆನಪಿನಿಂದ ಹೇಳಿ ಬರೆಸಿದ್ದು ಎಂದು ಪಕ್ಕದಲ್ಲಿ ಗುರುತು ಹಾಕಿ. ತಿಮೂರಿ, ಅಂದರೆ ತೈಮೂರನ ವಂಶದವರ, ವಾಸ್ತುವಿನ ಪಾಠ ಬಂದಾಗ ಆರ್ಕ್‌ನೆಟ್ಟಿನಲ್ಲಿ ಎರಡು ನಕ್ಷೆ ಅಕ್ಕಪಕ್ಕ ತೆರೆಯಿರಿ: ಸಮರ್ಕಂದದಲ್ಲಿ 1420ರಲ್ಲಿ ಮುಗಿದ ಉಲುಗ್ ಬೇಗನ ಮದರಸಾ, ಬೀದರದಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನ 1472ರ ಮದರಸಾ. ನಡುವೆ ಅಂಗಳ, ಸುತ್ತ ಕೋಣೆಗಳು, ನಾಲ್ಕೂ ಬದಿಗೆ ಎತ್ತರದ ಕಮಾನಿನ ಐವಾನ್, ಮುಂಭಾಗದಲ್ಲಿ ಬಣ್ಣದ ಹಂಚು. ಗವಾನ್ ಕ್ಯಾಸ್ಪಿಯನ್ ದಂಡೆಯ ಗೀಲಾನಿನವನು. ಆಟೊಮನ್ ಸುಲ್ತಾನನಿಗೂ ಹೆರಾತಿನ ಕವಿ ಜಾಮಿಗೂ ಬರೆದ ಅವನ ಪತ್ರಗಳು ಒಂದು ಸಂಗ್ರಹವಾಗಿ ಉಳಿದಿವೆ. ಬೀದರದ ಮದರಸಾದಲ್ಲಿ ಎರಡರಲ್ಲಿ ಒಂದೇ ಮಿನಾರು ಉಳಿದಿರುವುದೇಕೆ ಅಂದರೆ 1696ರಲ್ಲಿ ಅಲ್ಲಿ ಸಿಡಿಮದ್ದು ಸ್ಫೋಟವಾಯಿತು. ಇರಾನಿನ ಕನಾತ್ ನೀರಾವರಿಯ ವಾರದಲ್ಲೂ ಬೀದರವೇ ನೆರವಿಗೆ ಬರುತ್ತದೆ: ನೌಬಾದಿನ ಕರೇಜ್. ನೆಲದಡಿಯ ಸುರಂಗಕ್ಕೆ ತೀರಾ ಸಣ್ಣ ಇಳಿಜಾರು ಕೊಟ್ಟು, ನಡುನಡುವೆ ಬಾವಿಯಂಥ ಗಂಡಿ ತೋಡಿ ನೀರು ಹರಿಸುವ ಅದೇ ಕೌಶಲ. ಇಳಿಜಾರು ಜಾಸ್ತಿಯಾದರೆ ನೀರು ಸುರಂಗದ ನೆಲವನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ.

ಸಮಯದ ಲೆಕ್ಕ. ಹಾರ್ವರ್ಡ್ ಮತ್ತು ಎಂಐಟಿಯ ಎಡ್‌ಎಕ್ಸ್ ಕೋರ್ಸುಗಳ 2017–18ರ ಅಂಕಿ ಪ್ರಕಾರ ಸೇರಿದ ನೂರಕ್ಕೆ ಮೂವರಷ್ಟೇ ಮುಗಿಸಿದ್ದರು. ಸೇರಿದವರಲ್ಲಿ ಅರ್ಧದಷ್ಟು ಜನ ಪಾಠವನ್ನು ತೆರೆದೂ ನೋಡಿರಲಿಲ್ಲ. ವಾರಕ್ಕೆ ಐದು ಗಂಟೆ ಇದ್ದರೆ ವಿಡಿಯೋಗೆ ಒಂದೂವರೆ ಸಾಕು, ಎರಡು ಗಂಟೆ ಮೂಲವಸ್ತುವಿಗೆ, ಒಂದು ಗಂಟೆ ವಿಶ್ವಕೋಶದ ಲೇಖನಕ್ಕೆ, ಉಳಿದ ಅರ್ಧ ಗಂಟೆಯಲ್ಲಿ ಒಂದು ಪುಟ ಕನ್ನಡದಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆಯುವಾಗ ಅರ್ಥವಾಗದ್ದು ತಕ್ಷಣ ಸಿಕ್ಕಿಬೀಳುತ್ತದೆ. ‘ಖಿಲಾಫತ್’ ಎಂದು ಇಂಗ್ಲಿಷ್ ವಾಕ್ಯದಿಂದ ಎತ್ತಿಕೊಳ್ಳುವುದು ಸುಲಭ, ಅದು ಪದವಿಯೋ ರಾಜ್ಯವೋ ಎಂದು ಕನ್ನಡ ವಾಕ್ಯ ಕಟ್ಟುವಾಗ ತೀರ್ಮಾನಿಸಲೇಬೇಕಾಗುತ್ತದೆ. ಪ್ರಮಾಣಪತ್ರ ಕೆಲಸಕ್ಕೋ ಕ್ರೆಡಿಟ್ಟಿಗೋ ಬೇಕಾದವರು ಕೊಳ್ಳಿ, ಉಳಿದವರಿಗೆ ಆ ದುಡ್ಡಿನಲ್ಲಿ ಒಂದು ಒಳ್ಳೆಯ ಚರಿತ್ರೆ ಅಟ್ಲಾಸ್ ಬರುತ್ತದೆ.

ಕೊನೆಯ ವಾರಕ್ಕೆ ಒಂದು ಕೆಲಸ. ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯ ಶಾಸನ ಹಿಜರಿ 769 ಎನ್ನುತ್ತದೆ, ಕಟ್ಟಿದವನ ಹೆಸರು ರಫಿ ಬಿನ್ ಶಮ್ಸ್ ಬಿನ್ ಮನ್ಸೂರ್ ಅಲ್-ಕಜ್ವೀನಿ. ಸಾಮಾನ್ಯವಾಗಿ ಜಾಮಿಯಾ ಮಸೀದಿಗೆ ಇರುವ ತೆರೆದ ಅಂಗಳ ಈ ಕಟ್ಟಡಕ್ಕಿಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಸೂರು. ಮೊದಲು ವರ್ಷವನ್ನು ಪರಿವರ್ತಿಸಿ, 769ನ್ನು 0.97ರಿಂದ ಗುಣಿಸಿ. ಆಮೇಲೆ ಹೆಸರನ್ನು ಬಿಡಿಸಿ: ಅಪ್ಪ ಯಾರು, ಅಜ್ಜ ಯಾರು, ಊರು ಯಾವುದು. ಕಜ್ವೀನ್ ನಕ್ಷೆಯಲ್ಲಿ ಎಲ್ಲಿದೆ ಎಂದು ಬೆರಳಿಟ್ಟು, ಅಲ್ಲಿನ ಮಸೀದಿಗಳ ನಕ್ಷೆ ತೆರೆದು, ಅಂಗಳವನ್ನು ಹುಡುಕಿ.